ಫಾರಿನ್ ಕೂತ ದಿನ

ನಮ್ಮ ಬೀದಿಯಲ್ಲಿ ಒಂದು ನಿಯಮವಿದೆ. ಯಾರೂ ಬರೆದಿಟ್ಟದ್ದಲ್ಲ, ಆದರೂ ಚಿಕ್ಕ ಮಕ್ಕಳಿಗೂ ಗೊತ್ತು. ಕಟಿಂಗ್ ಶಾಪಿನವನು ಗಿರಾಕಿ ಕೂರುವ ಕುರ್ಚಿಯಲ್ಲಿ ತಾನು ಕೂರಬಾರದು. ಶಟರ್ ಎತ್ತಿಟ್ಟು ಅದರಲ್ಲಿ ಕೂತನೆಂದರೆ ಜಗಳಕ್ಕೆ ನಿಂತ ಎಂದೇ ಲೆಕ್ಕ. ಅದೂ ಅಕ್ಕಪಕ್ಕದವರ ಜೊತೆಗಲ್ಲ, ಸರ್ಕಾರದ ಜೊತೆಗೆ.

ನಿಯಮ ಹುಟ್ಟಿದ್ದು ನಲವತ್ತು ವರ್ಷದ ಹಿಂದೆ. ರಸ್ತೆ ಅಗಲ ಮಾಡುತ್ತೇವೆಂದು ನಗರಸಭೆಯವರು ಬೀದಿಯ ಅಂಗಡಿಗಳಿಗೆಲ್ಲ ಕೆಂಪು ಬಣ್ಣದ ಗುರುತು ಹಾಕಿ ಹೋದರು. ಆಗಿನ ಕಟಿಂಗ್ ಶಾಪಿನ ಯಜಮಾನರು ಮಾರನೇ ದಿನ ಬೆಳಿಗ್ಗೆ ಬಂದರು, ಶಟರ್ ಎತ್ತಿದರು, ಕತ್ತರಿಯನ್ನು ಕನ್ನಡಿಯ ಮುಂದಿಟ್ಟರು, ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟರು. ಯಾರ ಕೂದಲನ್ನೂ ಮುಟ್ಟಲಿಲ್ಲ, ಯಾರ ಹತ್ತಿರವೂ ಮಾತಾಡಲಿಲ್ಲ. ಸಂಜೆಯ ಹೊತ್ತಿಗೆ ದೊಡ್ಡ ಅಧಿಕಾರಿಯೇ ಅರ್ಧ ಬೆಳೆದ ಗಡ್ಡ ಹೊತ್ತುಕೊಂಡು ಬಂದು ಗುರುತು ಅಳಿಸಿಕೊಟ್ಟು, ಗಡ್ಡ ಮಾಡಿಸಿಕೊಂಡು ಹೋದರು.

ಈಗ ಆ ಶಾಪಿನಲ್ಲಿರುವವನು ಅವರ ಮಗ. ಬೀದಿಯವರೆಲ್ಲ ಅವನನ್ನು ಕರೆಯುವುದು ಫಾರಿನ್ ಅಂತ. ಇದನ್ನು ಹೇಳುತ್ತಿರುವ ನಾನು ಎದುರುಗಡೆ ಅಂಗಡಿಯ ಟೈಲರ್. ನಾನು ಕೂತು ದುಡಿಯುವವನು, ಅವನು ನಿಂತು ದುಡಿಯುವವನು. ಮೂವತ್ತೈದು ವರ್ಷ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಕತ್ತರಿ ಆಡಿಸಿದ್ದೇವೆ. ಬೀದಿಯಲ್ಲಿ ವಿದ್ಯೆ, ಬುದ್ಧಿ, ಲೋಕಜ್ಞಾನ ಯಾರಿಗಿದೆ ಅಂತ ಕೇಳಿದರೆ ಜನ ನನ್ನ ಅಂಗಡಿ ತೋರಿಸಬೇಕು. ಯಾಕೋ ತೋರಿಸುವುದಿಲ್ಲ. ಅದು ಬೇರೆ ಮಾತು.

ಫಾರಿನ್ ನಿಂತುಕೊಂಡೇ ಊಟ ಮಾಡುತ್ತಾನೆ, ನಿಂತುಕೊಂಡೇ ಪೇಪರ್ ಓದುತ್ತಾನೆ. ಮದುವೆಮನೆಯಲ್ಲಿ ಕೂರಿಸಿದರೆ ಐದೇ ನಿಮಿಷಕ್ಕೆ ಎದ್ದು ಯಾರದೋ ತಲೆ ಹಿಂದೆ ಹೋಗಿ ನಿಲ್ಲುತ್ತಾನೆ. ಹತ್ತು ವರ್ಷದವನಿದ್ದಾಗ ಅಪ್ಪ ಕೈಗೆ ಕತ್ತರಿ ಕೊಟ್ಟ ದಿನದಿಂದ ಹಾಗೇ. ಆ ದಿನ ಕಲಿಯೋದಕ್ಕೆ ತಲೆ ಕೊಟ್ಟವಳು ಅವನ ಅಕ್ಕ. ಬೀದಿಯಲ್ಲಿ ಬೇರೆ ಯಾರೂ ಕೊಡಲಿಲ್ಲ. ಒಂದು ಕಡೆ ಕಿವಿಗೆ, ಇನ್ನೊಂದು ಕಡೆ ಭುಜಕ್ಕೆ ಬರುವ ಹಾಗೆ ಕತ್ತರಿಸಿಟ್ಟಿದ್ದ. ಅಕ್ಕ ಕನ್ನಡಿ ನೋಡಿಕೊಂಡು, "ಇದೇ ಈಗಿನ ಫ್ಯಾಷನ್ನು" ಅಂತ ಹೇಳಿ ಒಂದು ತಿಂಗಳು ತಲೆಯೆತ್ತಿಕೊಂಡು ಓಡಾಡಿದಳು. ನಕ್ಕವರಿಗೆಲ್ಲ, "ನಿಮಗೆ ಗೊತ್ತಾಗಲ್ಲ ಬಿಡಿ" ಅಂದಳು. ಅಲ್ಲಿಂದ ಮುಂದೆ ಅವಳ ಕೂದಲನ್ನು ತಮ್ಮನಲ್ಲದೆ ಬೇರೆಯವರು ಮುಟ್ಟಿದ್ದಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಗಂಡನ ಕೆಲಸದ ಮೇಲೆ ಅವಳು ದೂರದೇಶದ ದೊಡ್ಡ ನಗರಕ್ಕೆ ಹೋದಳು. ಹೊರಡುವ ದಿನ ಬೆಳಿಗ್ಗೆ ಫಾರಿನ್ ಅವಳ ಕೂದಲು ಕತ್ತರಿಸಿದ. ಕತ್ತರಿ ಹಿಡಿದರೆ ಬಾಯಿ ಮುಚ್ಚದ ಮನುಷ್ಯ ಅವತ್ತು ಒಂದೇ ಒಂದು ಮಾತಾಡಲಿಲ್ಲ. ನಾನು ಎದುರಿನಿಂದ ನೋಡುತ್ತಿದ್ದೆ. ಅಕ್ಕನೂ ಆಡಲಿಲ್ಲ. ಬಟ್ಟೆ ಕೊಡವಿದ ಸದ್ದು ಮಾತ್ರ ಕೇಳಿಸಿತು.

ಅಂದಿನಿಂದ ಪ್ರತಿ ವಾರ ರಜೆಯ ದಿನ ಸಂಜೆ ಏಳಕ್ಕೆ ಸರಿಯಾಗಿ ಅಕ್ಕನ ಫೋನು. ಇವನು ಫೋನನ್ನು ಕನ್ನಡಿಗೆ ಒರಗಿಸಿ, ಸ್ಪೀಕರ್ ಹಾಕಿ, ಖಾಲಿ ಕುರ್ಚಿಯ ಹಿಂದೆ ನಿಂತುಕೊಂಡು ಮಾತಾಡುತ್ತಾನೆ. ನಾನು ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿಸಿಕೊಳ್ಳುತ್ತೇನೆ. ಕದ್ದು ಕೇಳುವ ಚಾಳಿ ನನಗಿಲ್ಲ. ಯಂತ್ರಕ್ಕೂ ವಿಶ್ರಾಂತಿ ಬೇಕಲ್ಲ.

"ಇಲ್ಲಿ ಕೂದಲು ಕತ್ತರಿಸೋ ಹುಡುಗಿ ಬಾಯೇ ಬಿಡಲ್ಲ ಕಣೋ ಪುಟ್ಟಾ," ಅನ್ನುತ್ತಿದ್ದಳು ಅಕ್ಕ. ಅರವತ್ತು ತುಂಬುತ್ತಾ ಬಂದ ಅವನು ಅವಳಿಗೆ ಇನ್ನೂ ಪುಟ್ಟನೇ. "ತಲೆ ಹಗುರ ಆಗುತ್ತೆ, ಮನಸ್ಸು ಹಾಗೇ ಇರುತ್ತೆ. ನೀನು ಬಂದು ಒಂದ್ಸಲ ಕತ್ತರಿಸೋ. ಬೀದಿ ಸುದ್ದಿಯೆಲ್ಲ ಹೇಳ್ತಾ ಕತ್ತರಿಸೋ."

"ಬರ್ತೀನಕ್ಕಾ, ಬರ್ತೀನಿ."

ಆರು ವರ್ಷದ ಹಿಂದೆ ಹೊರಟೂ ಹೊರಟಿದ್ದ. ಬೀದಿಯೆಲ್ಲ ಸೇರಿ ಹಾರ ಹಾಕಿ, ಫೋಟೋ ತೆಗೆದು ಕಳಿಸಿಕೊಟ್ಟಿತು. ವಿಮಾನ ನಿಲ್ದಾಣಕ್ಕೆ ಬಸ್ಸಿನಲ್ಲಿ ಐದು ಗಂಟೆ ದಾರಿ. ಒಂದು ಗಂಟೆ ಕೂತ. ಕಾಲು ಜೋಮು ಹಿಡಿಯಿತು, ಎದೆ ಕಟ್ಟಿದ ಹಾಗಾಯಿತು, ಬೆವರು ಕಿತ್ತುಕೊಂಡು ಬಂತು. ಎದ್ದು ನಿಂತ. ಸೀಟು ಖಾಲಿ ಇದ್ದರೂ ಉಳಿದ ನಾಲ್ಕು ಗಂಟೆ ನಿಂತೇ ಪ್ರಯಾಣ ಮಾಡಿದ. ನಿಲ್ದಾಣದ ಕೌಂಟರಿನಲ್ಲಿ ಕೂತಿದ್ದ ಹೆಣ್ಣುಮಗಳನ್ನು ವಿನಯದಿಂದ ಕೇಳಿದ.

"ಮೇಡಂ, ನಾನು ನಿಂತ್ಕೊಂಡೇ ಬಂದ್ರೆ ಆಗುತ್ತಾ? ನನ್ನ ಸೀಟು ಬೇಕಾದ್ರೆ ಬೇರೆಯವರಿಗೆ ಕೊಡಿ."

ಆಕೆ ಮೊದಲು ನಕ್ಕಳು. ಆಮೇಲೆ ಇವನ ಮುಖ ನೋಡಿ ನಗು ನಿಲ್ಲಿಸಿ, ಹದಿನಾಲ್ಕು ಗಂಟೆ ಬೆಲ್ಟ್ ಕಟ್ಟಿಕೊಂಡು ಕೂರಲೇಬೇಕು ಅಂದಳು. ಇವನು ಹಾಗೇ ಹಿಂದಿರುಗಿ ಬಂದ. ಮಾರನೇ ದಿನ ಬೀದಿಯಲ್ಲಿ ಪ್ರತ್ಯಕ್ಷನಾದಾಗ ಜನ ಬಾಯಿ ಬಿಟ್ಟರು. "ವಿಮಾನ ಕೆಟ್ಟಿತ್ತು" ಅಂತ ಒಂದು ಸುಳ್ಳು ಹೇಳಿದ. ಅಕ್ಕನಿಗೂ ಅದನ್ನೇ ಹೇಳಿದ. ನಿಜ ಗೊತ್ತಿದ್ದದ್ದು ಅವನ ಹೆಂಡತಿಗೆ ಮತ್ತು ನನಗೆ. ಅವತ್ತಿನಿಂದ ಅವನು ಬೀದಿಗೆಲ್ಲ ಫಾರಿನ್ ಆದ. ಅಕ್ಕನೋ, ತಮ್ಮನ ಸುಳ್ಳು ಗುರುತಿಸಲಾರದಷ್ಟು ಪೆದ್ದಿಯಲ್ಲ. ಆರು ವರ್ಷದಿಂದ ಫೋನ್ ಎತ್ತಿದ ತಕ್ಷಣ ಮೊದಲ ಮಾತು ಅದೇ:

"ವಿಮಾನ ರಿಪೇರಿ ಆಯ್ತೇನೋ?"

ಇವನು ನಗುತ್ತಿದ್ದ, ಅವಳೂ ನಗುತ್ತಿದ್ದಳು. ಮಾತು ಮುಗಿದ ಮೇಲೆ ಇವನು ಬಹಳ ಹೊತ್ತು ಖಾಲಿ ಕುರ್ಚಿಯನ್ನು ಒರೆಸುತ್ತಾ ನಿಂತಿರುತ್ತಿದ್ದ.

ಈ ವರ್ಷ ಒಂದು ವಾರ ಅಕ್ಕ ಆ ಮಾತು ಕೇಳಲಿಲ್ಲ. ನೇರ ವಿಷಯಕ್ಕೆ ಬಂದಳು.

"ಪುಟ್ಟಾ, ನನ್ನ ಎರಡೂ ಮಂಡಿ ಕೈಕೊಟ್ಟಿವೆ. ನಾನಂತೂ ಇನ್ನು ಆ ಕಡೆ ಬರೋಳಲ್ಲ. ಭಾವ ಹೋದ ಮೇಲೆ ಮಾತಾಡೋರೂ ಇಲ್ಲ. ಮಗಳು ನಿನಗೆ ಟಿಕೆಟ್ ಮಾಡಿದಾಳೆ. ಬಾ ಅಂತ ಕೇಳೋದು ಇದೇ ಕಡೆ ಸಲ. ಆಮೇಲೆ ಕೇಳಲ್ಲ. ಕೋಪಕ್ಕಲ್ಲ ಕಣೋ. ಕೇಳಿ ಕೇಳಿ ಕಾಯೋಕೆ ನನ್ನ ಕೈಲಿ ಆಗ್ತಿಲ್ಲ."

ಎದುರಿನಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ ನನಗೆ ಸೂಜಿಯ ಕಣ್ಣೇ ಕಾಣಲಿಲ್ಲ.

ಮಾರನೇ ದಿನ ಬೆಳಿಗ್ಗೆ ನನ್ನ ಅಂಗಡಿಗೆ ಬಂದ. ಬಂದವನು ನಿಂತೇ ಇದ್ದ.

"ಅಣ್ಣಾ, ಈ ಸಲ ಹೋಗ್ಲೇಬೇಕು. ಮೂರು ವಾರ ಇದೆ. ಹದಿನಾಲ್ಕು ಗಂಟೆ ಕೂರೋದು ಹೇಗೆ ಅಂತ ಕಲಿಸು."

ಕೇಳಿದ್ದು ಸರಿಯಾದವರನ್ನೇ. ನನ್ನ ಹೆಂಡತಿಯ ತಮ್ಮ ವಿಮಾನ ನಿಲ್ದಾಣದ ಒಳಗೆ ಬಸ್ಸು ಓಡಿಸುತ್ತಾನೆ. ಪ್ರಯಾಣಿಕರನ್ನು ಮೆಟ್ಟಿಲಿನ ತನಕ ಬಿಡುವುದು ಅವನ ಕೆಲಸ. ಮೆಟ್ಟಿಲಿನ ತನಕದ ವಿಷಯ ಅವನಿಗೆ ಗೊತ್ತು, ಅಲ್ಲಿಂದ ಮುಂದಿನದನ್ನು ನಾನು ಊಹಿಸಿದ್ದೇನೆ.

"ನೋಡು, ಒಂದ್ಸಲ ಇಲ್ಲೇ ಕೂತು ನೋಡ್ಬಿಡು. ಬೆಳಿಗ್ಗೆ ಐದಕ್ಕೆ ಹತ್ತು, ಸಂಜೆ ಏಳಕ್ಕೆ ಇಳಿ. ಕೂತಿದ್ದೆ ಅಂದ್ರೆ ಹೋದೆ. ಎದ್ದೆ ಅಂದ್ರೆ ಬಿಡು, ಅಕ್ಕನಿಗೆ ಆಗಲ್ಲ ಅಂತ ಹೇಳ್ಬಿಡು."

ಟಿಕೆಟ್ ನೋಡಿದೆ. ಮೂರು ಸೀಟಿನ ಸಾಲಿನಲ್ಲಿ ಮಧ್ಯದ ಸೀಟು. ವಿಷಯ ಗಂಭೀರವಾಯಿತು. ನಾನು ಟೇಪು ಕುತ್ತಿಗೆಗೆ ಹಾಕಿಕೊಂಡು ಎದ್ದೆ. ವಿಮಾನದ ಸೀಟು ಹದಿನೇಳು ಇಂಚು ಅಂತ ಬಾಮೈದ ಹೇಳಿದ್ದ. ಫಾರಿನ್ ಮನೆಯ ಕುರ್ಚಿಗೆ ಕೈಗಳಿಲ್ಲ, ನನ್ನದು ಸ್ಟೂಲು. ಬೀದಿಯಲ್ಲಿ ಒರಗುವ ಬೆನ್ನು, ಎರಡು ಕೈ, ನೆಲಕ್ಕೆ ಬೋಲ್ಟು ಇರುವ ಆಸನ ಒಂದೇ ಒಂದು. ಅದು ಅವನ ಶಾಪಿನ ಕುರ್ಚಿ. ಕೈಗಳ ನಡುವೆ ಹತ್ತೊಂಬತ್ತು ಇಂಚು ಬಂತು. ಅತ್ತ ಒಂದು, ಇತ್ತ ಒಂದು ಇಂಚು ಬಟ್ಟೆ ಸುತ್ತಿ ಹದಿನೇಳಕ್ಕೆ ತಂದೆ.

"ಅದರಲ್ಲಾ?" ಅಂತ ಅವನು ಹಿಂದೆ ಸರಿದ. "ಅದರಲ್ಲಿ ನಾನು ಕೂತ್ರೆ ಬೀದಿ ಏನನ್ನುತ್ತೆ?"

"ರಜೆ ದಿನ ಕೂತ್ಕೋ. ಯಾರು ನೋಡ್ತಾರೆ?"

ಇಷ್ಟು ವರ್ಷ ಬೀದಿಯಲ್ಲಿ ಬದುಕಿಯೂ ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಅವನು ಒಪ್ಪಿದ, ಆದರೆ ಒಂದು ಷರತ್ತು ಹಾಕಿದ. ಯಾರಿಗೂ ಹೇಳಕೂಡದು. ಹೋದಸಲದ ಹಾಗೆ ನಗೆಪಾಟಲು ಆಗುವುದು ಬೇಡ. ನಾನು ನನ್ನ ದೊಡ್ಡ ಕತ್ತರಿ ಮುಟ್ಟಿ ಆಣೆ ಮಾಡಿದೆ.

ರಜೆಯ ದಿನ ಬೆಳಿಗ್ಗೆ ಐದಕ್ಕೆ ಫಾರಿನ್ ಕೂತ. ಸೊಂಟಕ್ಕೆ ನನ್ನದೇ ಬೆಲ್ಟು ಬಿಗಿದೆ. ಎಡಗಡೆ ಸ್ಟೂಲು ಹಾಕಿಕೊಂಡು ಓಡಾಡುವ ದಾರಿಯ ಪಕ್ಕದ ಪ್ರಯಾಣಿಕನಾಗಿ ನಾನು ಕೂತೆ. ಬಲಗಡೆ ಕಿಟಕಿ ಪಕ್ಕಕ್ಕೆ ಯಾರೂ ಸಿಗಲಿಲ್ಲ. ಗುಟ್ಟಿನ ಕೆಲಸವಾದ್ದರಿಂದ ಯಾರನ್ನೂ ಕರೆಯುವಂತೆಯೂ ಇರಲಿಲ್ಲ. ನನ್ನ ಅಂಗಡಿಯ ಕೋಟು ತೊಡಿಸುವ ಬೊಂಬೆಯನ್ನು ತಂದು ಬೆಂಚಿನ ಮೇಲೆ ಕೂರಿಸಿದೆ. ಅದಕ್ಕೆ ತಲೆಯಿಲ್ಲ, ಆದರೆ ಭುಜ ಅಗಲ. ಪಕ್ಕದವನನ್ನು ಒತ್ತಲು ಭುಜ ಸಾಕು. ಬರೀ ಬೊಂಬೆ ಕೂತರೆ ಅಸಹ್ಯ ಅಂತ ಹೊಲಿದಿಟ್ಟಿದ್ದ ಒಂದು ನೀಲಿ ಕೋಟು ತೊಡಿಸಿದೆ. ಹಿತ್ತಾಳೆ ಗುಂಡಿ, ಒಳಗೆ ರೇಷ್ಮೆ ಅಸ್ತರಿ, ಅಚ್ಚುಕಟ್ಟಾದ ಕೆಲಸ. ಯಾರ ಕೋಟು ಅಂತ ಆ ಹೊತ್ತಿನಲ್ಲಿ ನಾನು ಯೋಚಿಸಲಿಲ್ಲ.

ಶಟರ್ ಎಳೆದರೆ ಉಸಿರು ಕಟ್ಟುತ್ತದೆ ಅಂತ ಅದನ್ನು ಮೇಲೆತ್ತಿ ಗಾಜಿನ ಬಾಗಿಲು ಮಾತ್ರ ಮುಚ್ಚಿದೆವು. ತಪ್ಪಾಗಿದ್ದು ಅಲ್ಲೇ.

ಏಳಕ್ಕೆ ದಿನಸಿ ಅಂಗಡಿಯ ಅತ್ತಿಗೆ ಕಸ ಗುಡಿಸಲು ಬಂದವರು ಗಾಜಿನೊಳಗೆ ನೋಡಿ ಪೊರಕೆ ಕೆಳಗೆ ಹಾಕಿದರು. ಬೀದಿಗೆಲ್ಲ ಅತ್ತಿಗೆ ಅವರು, ಸುದ್ದಿ ಹಂಚುವುದರಲ್ಲಿ ಎತ್ತಿದ ಕೈ.

"ಅಯ್ಯೋ! ಕೂತ್ಬಿಟ್ಟಿದ್ದೀಯಲ್ಲೋ!"

"ಏನಿಲ್ಲ ಅತ್ತಿಗೆ, ಸುಮ್ನೆ," ಅಂದ ಫಾರಿನ್.

"ಸುಮ್ನೆ ಯಾರಾದ್ರೂ ಕೂರ್ತಾರಾ? ಎಷ್ಟೊತ್ತು?"

"ಸಂಜೆ ಏಳರ ತನಕ."

"ನಿಮ್ಮಪ್ಪನೂ ಸಂಜೆ ತನಕವೇ ಕೂತಿದ್ದು!" ಅತ್ತಿಗೆ ಪೊರಕೆ ಅಲ್ಲೇ ಬಿಟ್ಟು ಓಡಿದರು. "ಟೀ ಕಳಿಸ್ತೀನಿ, ಕುಡಿ!"

"ಬೇಡ ಅತ್ತಿಗೆ. ಎಂಟೂವರೆ ತನಕ ಏನೂ ಕೊಡಲ್ಲ, ಆಮೇಲೇ," ಅಂತ ನಾನು ಕೂಗಿದೆ. ವಿಮಾನದಲ್ಲಿ ಕೇಳಿದಾಗೆಲ್ಲ ಕೊಡುವುದಿಲ್ಲ, ಅದಕ್ಕೆ ಹೊತ್ತು ಅಂತ ಇರುತ್ತದೆ. ಎಂಟೂವರೆಗೆ ಅವನ ಹೆಂಡತಿ ತಟ್ಟೆಯಲ್ಲಿ ತಿಂಡಿ ತರಬೇಕು ಅಂತ ನಾವು ಮೊದಲೇ ಗೊತ್ತು ಮಾಡಿದ್ದೆವು. ಆದರೆ ಅತ್ತಿಗೆಯ ಬಾಯಲ್ಲಿ ಅದು ಎರಡು ಮನೆ ದಾಟುವಷ್ಟರಲ್ಲಿ 'ಅನ್ನ ನೀರು ಬಿಟ್ಟಿದಾನೆ' ಅಂತಾಯಿತು.

ಎಂಟು ಗಂಟೆಗೆ ನಿವೃತ್ತ ಮೇಷ್ಟ್ರು ಬಂದರು. ಅವರಿಗೆ ನಿವೃತ್ತಿಯಾಗಿ ಹದಿನೈದು ವರ್ಷ, ಆದರೆ ಭಾಷಣಕ್ಕೆ ಇನ್ನೂ ಆಗಿಲ್ಲ. ಬಾಗಿಲು ತೆರೆದು ಕೈ ಮುಗಿದರು.

"ತಂದೆಗೆ ತಕ್ಕ ಮಗ! ಹೇಳಪ್ಪ, ಏನು ಬೇಡಿಕೆ?"

ಫಾರಿನ್ ನನ್ನ ಮುಖ ನೋಡಿದ. ಆಣೆ ಮಾಡಿದ್ದೇನಲ್ಲ, ನಿಜ ಹೇಳುವಂತಿಲ್ಲ. ಸುಳ್ಳು ಹೇಳುವುದು ನನ್ನ ಜಾಯಮಾನವಲ್ಲ. ಎರಡರ ಮಧ್ಯೆ ಇರುವಂಥ ಒಂದು ಮಾತನ್ನು ತೂಕ ಮಾಡಿ ಹೇಳಿದೆ.

"ಮೇಷ್ಟ್ರೇ, ಮನುಷ್ಯ ಹೋಗ್ಬೇಕಾದ ಜಾಗಕ್ಕೆ ಹೋಗೋಕಾಗ್ತಿಲ್ಲ. ವರ್ಷಾನುಗಟ್ಟಲೆ ಆಯ್ತು. ಅದಕ್ಕೇ ಕೂತಿರೋದು. ಇದಕ್ಕಿಂತ ಜಾಸ್ತಿ ಕೇಳ್ಬೇಡಿ."

ಮೇಷ್ಟ್ರ ಕಣ್ಣಲ್ಲಿ ಬೆಳಕು ಮೂಡಿತು. "ಬಸ್ ಸ್ಟಾಪು!" ಅಂದರು.

ಮೂರು ವರ್ಷದ ಹಿಂದೆ ನಮ್ಮ ಬೀದಿಯ ಬಸ್ ಸ್ಟಾಪನ್ನು ಎರಡು ಬೀದಿ ಆಚೆಗೆ ಕಿತ್ತುಕೊಂಡು ಹೋಗಿದ್ದರು. ವಾರ್ಡ್ ಮೆಂಬರ್ ಮನೆ ಮುಂದೆ ಈಗ ಅದು ಇದೆ. ಮುದುಕರು ಮಕ್ಕಳು ಬಸ್ಸು ಹತ್ತಲು ಅಷ್ಟು ದೂರ ನಡೆಯಬೇಕು. ನಾವೆಲ್ಲ ಮನೆಯೊಳಗೆ ಕೂತು ಬೈದುಕೊಂಡಿದ್ದೆವು, ಹೊರಗೆ ಬಂದು ಯಾರೂ ಕೇಳಿರಲಿಲ್ಲ. ನಾನು 'ಅಲ್ಲ' ಅನ್ನಲು ಬಾಯಿ ತೆರೆದೆ. ಮೇಷ್ಟ್ರು ಆಗಲೇ ರಸ್ತೆಯ ಮಧ್ಯೆ ನಿಂತಿದ್ದರು.

ಒಂಬತ್ತರ ಹೊತ್ತಿಗೆ ಶಾಪಿನ ಮುಂದೆ ಮೂವತ್ತು ಕುರ್ಚಿ. ಹತ್ತಕ್ಕೆ ರಟ್ಟಿನ ಮೇಲೆ ಬರೆದ ಫಲಕ: 'ನಮ್ಮ ಸ್ಟಾಪು ನಮಗೆ ಬೇಕು.' ಎಂಟೂವರೆಗೆ ಸರಿಯಾಗಿ ಅವನ ತೊಡೆಯ ಮೇಲಿಟ್ಟು ಹೋಗಿದ್ದ ತಟ್ಟೆ ತೆಗೆದುಕೊಳ್ಳಲು ಫಾರಿನ್ ಹೆಂಡತಿ ಬಂದಳು. ಹೆಂಗಸರೆಲ್ಲ ಅವಳನ್ನು ಮುತ್ತಿಕೊಂಡರು.

"ನೀನಾದ್ರೂ ಹೇಳಮ್ಮ, ಯಾವಾಗಿನಿಂದ ಮನಸ್ಸಲ್ಲಿ ಇಟ್ಕೊಂಡಿದ್ರು?"

"ಆರು ವರ್ಷ," ಅಂದಳು ಅವಳು.

"ಸ್ಟಾಪು ತೆಗೆಯೋಕೆ ಮುಂಚೆಯಿಂದಲೇ! ಎಂಥ ಮುಂದಾಲೋಚನೆ!"

"ಅವರು ಹೇಳೋ ತನಕ ನಾನು ಬಾಯಿ ಬಿಡಲ್ಲ," ಅಂದು ತಟ್ಟೆ ತೆಗೆದುಕೊಂಡು ಹೊರಟಳು. ಬೀದಿ ಮೆಚ್ಚಿ ತಲೆದೂಗಿತು.

ಹನ್ನೊಂದಕ್ಕೆ ಪೊಲೀಸಪ್ಪ ಬಂದ. ಪುಸ್ತಕ ತೆಗೆದ, ಪೆನ್ನು ತೆಗೆದ.

"ಪರ್ಮಿಷನ್ ಇದೆಯೇನ್ರಿ?"

"ಕೂರೋಕೂ ಪರ್ಮಿಷನ್ ಬೇಕಾ?" ಅಂದರು ಮೇಷ್ಟ್ರು.

"ಒಳಗೆ ಎಷ್ಟು ಜನ ಕೂತಿದ್ದೀರಿ?"

"ಮೂರು," ಅಂದೆ ನಾನು.

ಅವನು ಇಣುಕಿದ. ಎಣಿಸಿದ. ಮತ್ತೆ ಎಣಿಸಿದ. "ಒಬ್ರಿಗೆ ತಲೆ ಇಲ್ಲವಲ್ರಿ."

"ಕಿಟಕಿ ಪಕ್ಕದವರು ಅವರು. ಅವರಿಂದ ಏನೂ ತೊಂದರೆ ಇಲ್ಲ."

ಪೊಲೀಸಪ್ಪ ಬಹಳ ಹೊತ್ತು ಯೋಚಿಸಿ, 'ಇಬ್ಬರು ಮತ್ತು ಒಂದು' ಅಂತ ಬರೆದುಕೊಂಡು ಮರದ ನೆರಳಿಗೆ ಹೋಗಿ ನಿಂತ.

ಒಳಗಿನ ಸ್ಥಿತಿ ಯಾರಿಗೂ ಗೊತ್ತಿರಲಿಲ್ಲ. ಹನ್ನೆರಡರ ಹೊತ್ತಿಗೆ ಫಾರಿನ್‌ನ ಪಾದಗಳು ಊದಿಕೊಂಡವು. ಎರಡಕ್ಕೆ ಮೈಯೆಲ್ಲ ಬೆವರು. ಬೆರಳುಗಳು ಕುರ್ಚಿಯ ಕೈ ಹಿಡಿದು ಬಿಳುಚಿಕೊಂಡಿದ್ದವು. ಎರಡು ಸಲ ಬಚ್ಚಲಿಗೆ ಹೋಗಬೇಕಾದಾಗ ನಾನು ಶಿಸ್ತಾಗಿ ಎದ್ದು ದಾರಿ ಬಿಟ್ಟೆ, ಅವನು ಹೋಗಿ ಬಂದ ಮೇಲೆ ಮತ್ತೆ ಕೂತೆ. ಹೊರಗಿನವರು ಪಾಳಿ ಬದಲಾಯಿಸುತ್ತಿದ್ದಾರೆ ಅಂತ ಚಪ್ಪಾಳೆ ತಟ್ಟಿದರು.

"ಆಗ್ತಿಲ್ಲ ಅಣ್ಣಾ," ಅಂದ ಸಣ್ಣ ದನಿಯಲ್ಲಿ. "ಎದೆ ಕಟ್ತಿದೆ. ಎದ್ಬಿಡ್ತೀನಿ."

"ಅರ್ಧಕ್ಕಿಂತ ಜಾಸ್ತಿ ಬಂದಿದ್ದೀಯ ಕಣೋ. ಕೆಳಗೆ ಸಮುದ್ರ ಇದೆ ಅಂದ್ಕೋ. ಎದ್ದು ಎಲ್ಲಿಗೆ ಹೋಗ್ತೀಯ?"

ಅವನು ನಗಲಿಲ್ಲ. ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡ. ಆ ಕನ್ನಡಿಯಲ್ಲಿ ಅಷ್ಟು ವರ್ಷ ಬೇರೆಯವರ ಮುಖ ನೋಡಿದ್ದನೇ ಹೊರತು ಕೂತ ತನ್ನ ಮುಖವನ್ನು ನೋಡಿರಲಿಲ್ಲ.

"ಅವತ್ತು ಅಕ್ಕ ಇಲ್ಲೇ ಕೂತಿದ್ಲು," ಅಂದ. "ಇಲ್ಲಿಂದ ಹೀಗೆ ನನ್ನ ಮುಖ ಕಾಣ್ತಿತ್ತು ಅವಳಿಗೆ. ನಾನು ಕತ್ತು ಬಗ್ಗಿಸಿ ಹಿಂದಿನ ಕೂದಲೇ ಕತ್ತರಿಸ್ತಾ ಇದ್ದೆ. ಮುಖ ಎತ್ತಿದ್ರೆ ಅಳು ಬರುತ್ತೆ ಅಂತ. ಒಂದು ಮಾತೂ ಆಡಲಿಲ್ಲ ಅಣ್ಣಾ. ಇಡೀ ಬೀದಿ ತಲೆ ತಿನ್ನೋ ನಾನು, ಅವಳಿಗೆ ಹೋಗಿಬಾ ಅಂತಲೂ ಹೇಳಲಿಲ್ಲ."

ನನಗೆ ಲೋಕಜ್ಞಾನ ಇದೆ ಅಂತ ಆಗಲೇ ಹೇಳಿದ್ದೇನೆ. ಆ ಹೊತ್ತಿನಲ್ಲಿ ಅದು ಎಲ್ಲಿ ಹೋಗಿತ್ತೋ ಏನೋ. ಅವನ ಕೈ ಮೇಲೆ ಕೈ ಇಟ್ಟೆ.

"ಈಗ ಹೇಳು. ಕತ್ತರಿಸ್ತಾ ಏನೇನು ಹೇಳ್ತೀಯ, ನನಗೆ ಹೇಳು."

ಅವನು ಹೇಳಲು ಶುರುಮಾಡಿದ. ದಿನಸಿ ಅತ್ತಿಗೆಯ ಬೆಕ್ಕಿನಿಂದ ಹಿಡಿದು ಮೇಷ್ಟ್ರ ಹಲ್ಲುಸೆಟ್ಟಿನ ತನಕ, ಅಪ್ಪನ ಹಳೆಯ ಬ್ರಷ್ಷು, ಅಮ್ಮನ ಕೊನೆಯ ದಿನಗಳು, ಇಪ್ಪತ್ತೆರಡು ವರ್ಷದ ಬೀದಿಯನ್ನೆಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ಕಾಲಿನ ನೋವು ಮರೆತ. ನಾಲ್ಕು ಗಂಟೆ ಆದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಹೊರಗೆ ಕಾರಿನ ಬಾಗಿಲು ಬಡಿದಾಗ. ವಾರ್ಡ್ ಮೆಂಬರ್ ಇಳಿದರು. ಗದರಿಸಿ ಚದುರಿಸುವ ಲೆಕ್ಕಾಚಾರದಲ್ಲಿ ಬಂದಿದ್ದರು ಅಂತ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಗಾಜಿನ ಬಾಗಿಲು ತಳ್ಳಿ ಒಳಗೆ ಒಂದು ಹೆಜ್ಜೆ ಇಟ್ಟರು, ಇಟ್ಟ ಕಾಲು ಅಲ್ಲೇ ನಿಂತಿತು.

ನಾನು ಬೊಂಬೆಯ ಕಡೆ ನೋಡಿದೆ. ನೀಲಿ ಕೋಟು. ಹಿತ್ತಾಳೆ ಗುಂಡಿ. ಮುಂದಿನ ವಾರದ ಸನ್ಮಾನಕ್ಕೆ ಅಂತ ಅವರೇ ಅಳತೆ ಕೊಟ್ಟು ಹೋಗಿದ್ದು.

"ಇದು... ನನ್ನ ಕೋಟು ಅಲ್ವೇನ್ರಿ?"

"ಹೌದು ಸಾರ್," ಅಂದೆ. ಬೇರೆ ಏನನ್ನಲಿ?

"ತಲೆ ಎಲ್ರಿ?"

"ತಲೆ... ಮೊದಲಿಂದಲೂ ಇಲ್ಲ ಸಾರ್."

ಹೊರಗೆ ಮೂವತ್ತು ಕುರ್ಚಿಯೂ ಒಟ್ಟಿಗೆ ನಕ್ಕಿತು. ಮೆಂಬರ್ ಮುಖ ಕೆಂಪಾಗಿ, ಬೆಳ್ಳಗಾಗಿ, ಬೂದಿಯಾಯಿತು. ಚುನಾವಣೆಗೆ ಇನ್ನು ನಾಲ್ಕು ತಿಂಗಳಿತ್ತು. ಮೊಬೈಲ್ ಹಿಡಿದು ಫೋಟೋ ತೆಗೆಯುತ್ತಿದ್ದವರು ಹತ್ತು ಜನ. ಅವರು ಮೆಲ್ಲಗೆ ಬಂದು ಫಾರಿನ್ ಮುಂದೆ ಬಗ್ಗಿದರು.

"ಏಳಿ ಯಜಮಾನ್ರೇ. ಮಾತಾಡೋಣ."

"ಏಳಕ್ಕೇ ಏಳೋದು ಸಾರ್," ಅಂದ ಫಾರಿನ್ ಕಣ್ಣು ಮುಚ್ಚಿಕೊಂಡೇ. ಅವನಿಗೆ ಸ್ಟಾಪೂ ಬೇಡ, ಮೆಂಬರೂ ಬೇಡ. ಇನ್ನು ಮೂರು ಗಂಟೆ ಕಳೆದರೆ ಸಾಕಿತ್ತು.

ಮೆಂಬರ್ ಬಸ್ ಕಚೇರಿಗೆ ಫೋನ್ ಮಾಡಿದರು. ಆರು ಗಂಟೆಗೆ ಕಚೇರಿಯ ಅಧಿಕಾರಿ ಫೈಲು ಹಿಡಿದುಕೊಂಡು ಬಂದ. ಆರೂವರೆಗೆ ಕಾಗದ ಸಿದ್ಧವಾಯಿತು, ಮೊಹರು ಬಿತ್ತು. ಸ್ಟಾಪು ಶಾಪಿನ ಮುಂದಕ್ಕೇ ವಾಪಸ್ಸು. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು, ಬೀದಿ ಶಿಳ್ಳೆ ಹೊಡೆಯಿತು.

"ಈಗಲಾದ್ರೂ ಏಳಿ," ಅಂದರು ಮೆಂಬರ್.

ಗಡಿಯಾರ ಆರು ಮುಕ್ಕಾಲು ತೋರಿಸುತ್ತಿತ್ತು. ಫಾರಿನ್ ತಲೆಯಾಡಿಸಿದ.

"ಇನ್ನೂ ಆಗಿಲ್ಲ ಸಾರ್."

ಮೆಂಬರ್ ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ಪೆನ್ನು ತೆಗೆದ. "ಮೇಲೆ ಶೀಟು ಹಾಕ್ಸಿ ಕೊಡ್ತೀವಿ. ಮಳೆ ಬಿಸಿಲಿಗೆ."

"ಇನ್ನೂ ಹತ್ತು ನಿಮಿಷ," ಅಂದೆ ನಾನು.

"ಬೆಂಚೂ ಹಾಕ್ಸ್ತೀವಿ!"

"ಐದು ನಿಮಿಷ."

"ದೀಪ! ದೀಪ ಬರ್ಕೊಳ್ಳಿ! ಎರಡು ದೀಪ!"

ಹೋರಾಟ ಮಾಡುವವರಿಗೆ ಒಂದು ಮಾತು ಹೇಳುತ್ತೇನೆ. ಏನೂ ಕೇಳದೆ ಸುಮ್ಮನೆ ಗಡಿಯಾರ ನೋಡುತ್ತಾ ಕೂತವನಿಗೆ ಸಿಕ್ಕಷ್ಟು, ಕೇಳಿದವರಿಗೆ ಈ ಊರಿನಲ್ಲಿ ಯಾವತ್ತೂ ಸಿಕ್ಕಿಲ್ಲ.

ಏಳು ಬಡಿಯಿತು. ನಾನು ಬೆಲ್ಟು ಬಿಚ್ಚಿದೆ. ಫಾರಿನ್ ಕುರ್ಚಿಯ ಕೈಗಳನ್ನು ಊರಿ, ಕಣ್ಣು ಮುಚ್ಚಿಕೊಂಡೇ ನಿಧಾನವಾಗಿ ಎದ್ದ. ಎದ್ದು ನಿಂತು, ಒಂದು ಕ್ಷಣ ಬಿಟ್ಟು, ಮುಖದ ತುಂಬ ನಗು ತುಂಬಿಕೊಂಡು ಕಣ್ಣು ತೆರೆದ.

ಎದುರಿಗೆ ವಾರ್ಡ್ ಮೆಂಬರ್ ಕಾಗದ ಹಿಡಿದುಕೊಂಡು ನಿಂತಿದ್ದರು.

ಅವನ ಮುಖದ ನಗು ಹೋಗುವುದನ್ನು ನಾನು ಪಕ್ಕದಿಂದಲೇ ನೋಡಿದೆ. ಹದಿನಾಲ್ಕು ಗಂಟೆ ಆಗಿತ್ತು. ಲೆಕ್ಕದ ಪ್ರಕಾರ ಅಲ್ಲಿ ಅಕ್ಕ ನಿಂತಿರಬೇಕಿತ್ತು. ಅವನ ಮನಸ್ಸು ನಿಜವಾಗಲೂ ಅಲ್ಲಿ ತನಕ ಹೋಗಿಬಿಟ್ಟಿತ್ತು ಅನ್ನಿಸುತ್ತೆ. ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ, ಎಲ್ಲ ಇದ್ದಲ್ಲೇ ಇದ್ದವು. ಅವನು ಗೊಳೋ ಅಂತ ಅತ್ತುಬಿಟ್ಟ.

"ಗೆಲುವಿನ ಕಣ್ಣೀರು!" ಅಂತ ಮೇಷ್ಟ್ರು ಘೋಷಿಸಿದರು. ಚಪ್ಪಾಳೆ ಬಿತ್ತು. ಮೆಂಬರೂ ಕಣ್ಣೊರೆಸಿಕೊಂಡರು, ಯಾರೋ ಫೋಟೋ ತೆಗೆದರು.

ಅಷ್ಟರಲ್ಲಿ ಕನ್ನಡಿಗೆ ಒರಗಿಸಿದ್ದ ಫೋನು ಹೊಡೆದುಕೊಳ್ಳಲು ಶುರುವಾಯಿತು. ರಜೆಯ ದಿನ, ಸಂಜೆ ಏಳು. ಅವನ ಕೈ ತಾನಾಗಿಯೇ ಹೋಗಿ ಸ್ಪೀಕರ್ ಒತ್ತಿತು. ಬೀದಿಯೆಲ್ಲ ಬಾಗಿಲಲ್ಲಿ ನಿಂತಿದೆ ಅನ್ನುವುದು ಅವನಿಗೆ ನೆನಪಿರಲಿಲ್ಲ.

ಆ ಕಡೆಯಿಂದ ಅಕ್ಕನ ದನಿ, ಹೆದರಿ ಹೆದರಿ ಕೇಳಿದ ಹಾಗೆ ಬಂತು.

"ವಿಮಾನ... ರಿಪೇರಿ ಆಯ್ತೇನೋ ಪುಟ್ಟಾ?"

ಫಾರಿನ್ ಕುರ್ಚಿಯ ಬೆನ್ನು ಹಿಡಿದು ನಿಂತ. ಮೂಗೊರೆಸಿಕೊಂಡ.

"ಆಯ್ತಕ್ಕಾ. ಕೆಟ್ಟಿದ್ದು ವಿಮಾನ ಅಲ್ಲ, ನಾನು. ನನಗೆ ಕೂರೋಕಾಗ್ತಿರಲಿಲ್ಲ ಅಕ್ಕಾ, ಅದಕ್ಕೇ ವಾಪಸ್ ಬಂದಿದ್ದೆ. ಇವತ್ತು ಕೂತು ನೋಡಿದೆ. ಬೆಳಿಗ್ಗೆಯಿಂದ ಇಲ್ಲಿ ತನಕ, ನಿನ್ನ ಹತ್ರ ಬರೋಷ್ಟು ಹೊತ್ತು. ಆಗುತ್ತೆ ಅಕ್ಕಾ. ಬರ್ತೀನಿ."

ಆ ಕಡೆ ಅಕ್ಕ ಅಳುತ್ತಿದ್ದಳೋ ನಗುತ್ತಿದ್ದಳೋ, ಫೋನಿನಲ್ಲಿ ಗೊತ್ತಾಗಲಿಲ್ಲ. "ಕತ್ತರಿ ಮರೀಬೇಡ್ವೋ," ಅಂದಳು.

ಮೇಷ್ಟ್ರು ಕೈಯಲ್ಲಿದ್ದ ಫಲಕವನ್ನು ನಿಧಾನವಾಗಿ ಬೆನ್ನ ಹಿಂದೆ ಮರೆಮಾಡಿದರು. ಅತ್ತಿಗೆ ಸೆರಗಿಗೆ ಮುಖ ಒತ್ತಿಕೊಂಡರು. ಮೆಂಬರ್ ತಮ್ಮ ಕೈಯಲ್ಲಿದ್ದ ಕಾಗದ ನೋಡಿದರು, ಮೊಹರು ನೋಡಿದರು, ಅಧಿಕಾರಿಯನ್ನು ನೋಡಿದರು.

"ಹಾಗಾದ್ರೆ... ಬಸ್ ಸ್ಟಾಪಿಗಲ್ವಾ?"

"ಅಲ್ಲ ಸಾರ್," ಅಂದೆ ನಾನು.

"ಈಗ ವಾಪಸ್ ತಗೊಳ್ಳೋಕಾಗುತ್ತಾ?"

"ಫೋಟೋ ಹೊರಟುಹೋಗಿದೆ ಸಾರ್," ಅಂದ ಮರದ ಕೆಳಗಿನಿಂದ ಬಂದ ಪೊಲೀಸಪ್ಪ. ಅವನ ಕಣ್ಣೂ ಕೆಂಪಾಗಿತ್ತು.

ಮೆಂಬರ್ ಬೊಂಬೆಯ ಮೈಯಿಂದ ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡು ಹೊರಟರು. ಬಾಗಿಲಲ್ಲಿ ತಿರುಗಿ ನಿಂತು, "ಅಕ್ಕನ್ನ ಕೇಳಿದೆ ಅಂತ ಹೇಳಿ" ಅಂದರು. ಮನುಷ್ಯ ಪೂರ್ತಿ ಕೆಟ್ಟವರಲ್ಲ.

ಎರಡು ವಾರ ಕಳೆಯಿತು. ಅಷ್ಟರಲ್ಲಿ ಬೀದಿಯವರೆಲ್ಲ ಬಂದು ತಲೆ ಕೊಟ್ಟು ಹೋದರು, ಕತ್ತರಿಸಲು ಕೂದಲಿಲ್ಲದ ಮೇಷ್ಟ್ರೂ ಸೇರಿ. ಎಲ್ಲರದೂ ಒಂದೇ ಮಾತು: "ಇದನ್ನೂ ಅಕ್ಕನಿಗೆ ಹೇಳು." ಯಾರೂ ಅವನನ್ನು ಫಾರಿನ್ ಅಂತ ಕರೆಯಲಿಲ್ಲ. ಹೋಗಿಬಂದ ಮೇಲೆ ಕರೆಯೋಣ, ಆಗ ನಿಜವಾಗುತ್ತೆ ಅಂತ ಅತ್ತಿಗೆ ಅಪ್ಪಣೆ ಮಾಡಿದ್ದರು. ಕತ್ತರಿಯನ್ನು ಜೇಬಿನಲ್ಲಿಟ್ಟುಕೊಂಡರೆ ಕಿತ್ತುಕೊಳ್ಳುತ್ತಾರೆ, ದೊಡ್ಡ ಪೆಟ್ಟಿಗೆಯೊಳಗೆ ಹಾಕಬೇಕು ಅಂತ ನಾನು ಹೇಳಿಕೊಟ್ಟೆ. ಇದು ಮೆಟ್ಟಿಲಿನ ತನಕದ ಜ್ಞಾನ, ಹಾಗಾಗಿ ಖಾತ್ರಿ.

ಹೊರಡುವ ದಿನ ಹೊಸ ಸ್ಟಾಪಿನಲ್ಲಿ, ಹೊಸ ಶೀಟಿನ ಕೆಳಗೆ, ಹೊಸ ಬೆಂಚು. ಬೆಂಚಿನ ಮೇಲೆ ಬೀದಿಯವರೆಲ್ಲ ಕೂತಿದ್ದರು, ಅವನೊಬ್ಬ ನಿಂತಿದ್ದ. ಹಾರ ಬೇಡ ಅಂದ, ಯಾರೂ ತಂದಿರಲಿಲ್ಲ. ಬಸ್ಸು ಬಂತು. ಹೆಂಡತಿ ಪೆಟ್ಟಿಗೆ ಎತ್ತಿ ಕೊಟ್ಟಳು. ಹತ್ತಿದ. ನನಗೆ ಅವನ ಹತ್ತಿರ ಏನೇನೋ ಹೇಳುವುದಿತ್ತು. ಮುಖ ಎತ್ತಿದರೆ ಅಳು ಬರುತ್ತದೆ ಅಂತ 'ಹೋಗಿಬಾ' ಅಂತಲೂ ಹೇಳದೆ ಅವನ ಪೆಟ್ಟಿಗೆಯ ಪಟ್ಟಿ ನೋಡುತ್ತಾ ನಿಂತೆ.

ಬಸ್ಸು ಹೊರಟಿತು. ಕಿಟಕಿಗಳು ಒಂದೊಂದಾಗಿ ನಮ್ಮ ಮುಂದೆ ಹಾದುಹೋದವು. ಸೀಟುಗಳೆಲ್ಲ ಖಾಲಿ. ಮಧ್ಯದಲ್ಲಿ ಕಂಬಿ ಹಿಡಿದುಕೊಂಡು ಅವನು ನಿಂತಿದ್ದ.

ನನಗೆ ದನಿ ಬಂದದ್ದು ಆಗ. ಬೀದಿಯ ಮಧ್ಯಕ್ಕೆ ಓಡಿ ಕೂಗಿದೆ.

"ಕೂತ್ಕೊಳ್ಳೋ!"

ನನ್ನ ಹಿಂದೆ ಅತ್ತಿಗೆ, ಮೇಷ್ಟ್ರು, ಪೊಲೀಸಪ್ಪ, ಇಡೀ ಬೀದಿ ಬೆಂಚು ಬಿಟ್ಟು ಎದ್ದು ಒಂದೇ ದನಿಯಲ್ಲಿ ಕೂಗಿತು. "ಕೂತ್ಕೋ!"

ಹಿಂದಿನ ಗಾಜಿನಲ್ಲಿ ಅವನು ತಿರುಗಿ ನೋಡಿದ್ದು ಕಾಣಿಸಿತು. ಒಂದು ಕೈ ಎತ್ತಿದ. ಆಮೇಲೆ ಮೆಲ್ಲಗೆ ತಲೆ ಕೆಳಗಿಳಿದು ಸೀಟಿನ ಹಿಂದೆ ಮರೆಯಾಯಿತು. ತಿರುವು ದಾಟುವ ತನಕ ನಾವು ಅಲ್ಲೇ ನಿಂತು ನೋಡಿದೆವು. ಆ ತಲೆ ಮತ್ತೆ ಮೇಲೇಳಲಿಲ್ಲ.